ಮುಂದಿರುವವನೇ ಹಿಂದೆ ನೋಡಬೇಕು: ಮೆಲ್ಬರ್ನ್‌ನ ಫ್ಲೆಮಿಂಗ್ಟನ್ ರೇಸ್‌ಕೋರ್ಸ್‌ನಿಂದ

ಮೆಲ್ಬರ್ನ್‌ಗೆ ಬರುವ ನಮ್ಮವರ ಲಿಸ್ಟ್ ಹೆಚ್ಚುಕಡಿಮೆ ಒಂದೇ ಥರ ಇರುತ್ತೆ. ಗ್ರೇಟ್ ಓಷನ್ ರೋಡ್, ಫಿಲಿಪ್ ಐಲ್ಯಾಂಡ್‌ನ ಪೆಂಗ್ವಿನ್‌ಗಳು, ಎಂಸಿಜಿ ಕ್ರಿಕೆಟ್ ಮೈದಾನ, ಕ್ವೀನ್ ವಿಕ್ಟೋರಿಯಾ ಮಾರ್ಕೆಟ್. ಅದೆಲ್ಲ ಮುಗಿದ ಮೇಲೆ ಟಾರ್ನೀಟ್ ಕಡೆ ಪರಿಚಯದವರ ಮನೆಯಲ್ಲಿ ಬಿಸಿಬೇಳೆಬಾತ್. ರೇಸ್‌ಕೋರ್ಸ್ ಯಾರ ಲಿಸ್ಟ್‌ನಲ್ಲೂ ಇರಲ್ಲ. ಇರೋದಾದರೂ ಹೇಗೆ? ರೇಸ್ ಅಂದ ತಕ್ಷಣ ನಮ್ಮ ಮನೆಗಳಲ್ಲಿ ನೆನಪಾಗೋದು ಜೂಜು, ಸಾಲ, ಸೈಟು ಮಾರಿಕೊಂಡ ಯಾವುದೋ ದೂರದ ನೆಂಟನ ಕಥೆ.

ಪ್ರಾಜೆಕ್ಟ್ ಮೇಲೆ ಇಲ್ಲಿಗೆ ಬಂದ ನನಗೂ ಅಷ್ಟೇ ಗೊತ್ತಿತ್ತು. ನವೆಂಬರ್ ತಿಂಗಳ ಮೊದಲ ಮಂಗಳವಾರ ಮೆಲ್ಬರ್ನ್‌ನಲ್ಲಿ ಸರ್ಕಾರಿ ರಜೆ, ಅದೂ ಒಂದು ಕುದುರೆ ರೇಸ್‌ಗೋಸ್ಕರ ಅಂತ ಕೇಳಿದಾಗ ನಗು ಬಂದಿತ್ತು. ಆಯುಧಪೂಜೆಗೆ ರಜೆ ಕೊಡೋದು ಗೊತ್ತು, ಮೂರೂವರೆ ನಿಮಿಷ ಕೂಡ ಹಿಡಿಯದ ರೇಸ್‌ಗೆ ರಜೆನಾ? ಆದರೆ ಮೆಲ್ಬರ್ನ್ ಕಪ್ 1861ರಿಂದ ನಡೆದುಕೊಂಡು ಬಂದಿದೆ. 3,200 ಮೀಟರ್ ದೂರ, ಹೆಚ್ಚೆಂದರೆ 24 ಕುದುರೆ. ಆ ವಾರ ಆಫೀಸ್‌ಗಳಲ್ಲಿ ಚೀಟಿ ಎತ್ತಿ ಒಬ್ಬೊಬ್ಬರಿಗೆ ಒಂದೊಂದು ಕುದುರೆ ಹಂಚುತ್ತಾರೆ, ಅದಕ್ಕೆ ‘ಸ್ವೀಪ್’ ಅಂತಾರೆ. ಕುದುರೆಯ ಬಾಲ ಯಾವುದು ತಲೆ ಯಾವುದು ಅಂತ ಗೊತ್ತಿಲ್ಲದವರೂ ಮಧ್ಯಾಹ್ನ 3 ಗಂಟೆಗೆ ಟಿವಿ ಮುಂದೆ ನಿಲ್ಲುತ್ತಾರೆ.

ನಮ್ಮ ಟೀಮಿನಲ್ಲಿ ಮೈಸೂರಿನವರು ಒಬ್ಬರಿದ್ದಾರೆ. ಇಲ್ಲಿಗೆ ಬಂದು ಇಪ್ಪತ್ತು ವರ್ಷವಾಗಿದೆ, ಎಲ್ಲರೂ ಅವರನ್ನು ಅಣ್ಣ ಅಂತಲೇ ಕರೆಯೋದು. ಚಾಮುಂಡಿ ಬೆಟ್ಟದ ಬುಡದ ರೇಸ್‌ಕೋರ್ಸ್ ಬೇಲಿಗೆ ನೇತುಬಿದ್ದು ಕುದುರೆ ನೋಡಿ ಬೆಳೆದವರು. ದುಡ್ಡು ಕಟ್ಟಲ್ಲ, ನೋಡ್ತಾರೆ ಅಷ್ಟೇ. ಅವರೇ ಒಂದು ಶನಿವಾರ ನನ್ನನ್ನು ಫ್ಲೆಮಿಂಗ್ಟನ್‌ಗೆ ಕರೆದುಕೊಂಡು ಹೋದರು. “ಕಪ್ ದಿನ ಬರಬೇಡ ಕಣಪ್ಪ, ಅವತ್ತು ಟೋಪಿ ಬಿಟ್ಟರೆ ಇನ್ನೇನೂ ಕಾಣಲ್ಲ. ಸಾದಾ ಶನಿವಾರ ಬಾ, ರೇಸ್ ಕಾಣುತ್ತೆ” ಅಂದರು.

ನದಿ ಪಕ್ಕದ ಬಯಲು

ಫ್ಲೆಮಿಂಗ್ಟನ್ ಊರ ಹೊರಗೇನೂ ಇಲ್ಲ. ಮಧ್ಯ ಮೆಲ್ಬರ್ನ್‌ನಿಂದ ರೈಲಿನಲ್ಲಿ ಸ್ವಲ್ಪ ಹೊತ್ತು. ರೇಸ್ ಇರುವ ದಿನ ಮೈದಾನದ ಪಕ್ಕದಲ್ಲೇ ಇರುವ ಸ್ಟೇಷನ್‌ವರೆಗೂ ರೈಲು ಬಿಡುತ್ತಾರೆ. ಮಾರಿಬರ್ನಾಂಗ್ ನದಿಯ ಪಕ್ಕದ ಈ ಬಯಲಿನಲ್ಲಿ ಮೊದಲ ರೇಸ್ ನಡೆದದ್ದು 1840ರಲ್ಲಿ, ಅಂದರೆ ಮೆಲ್ಬರ್ನ್ ಅನ್ನೋ ಊರು ಹುಟ್ಟಿ ಐದೇ ವರ್ಷಕ್ಕೆ. ಒಳಗೆ ಹೋದರೆ ದಾರಿಯುದ್ದಕ್ಕೂ ಗುಲಾಬಿ ಗಿಡ, ಅಲ್ಲಿ ಫಾರ್ ಲ್ಯಾಪ್ ಅನ್ನುವ ಕುದುರೆಯ ಕಂಚಿನ ಪ್ರತಿಮೆ. 1930ರಲ್ಲಿ ಕಪ್ ಗೆದ್ದ ಈ ಕುದುರೆಯ ಚರ್ಮವನ್ನು ಮೆಲ್ಬರ್ನ್ ಮ್ಯೂಸಿಯಂನಲ್ಲಿ ಇವತ್ತಿಗೂ ಕಾಪಾಡಿ ಇಟ್ಟಿದ್ದಾರೆ ಅಂದರೆ ಇವರ ಹುಚ್ಚು ಎಂಥದ್ದು ಅಂತ ಅಂದಾಜು ಮಾಡಿ.

ಅವತ್ತು ಜನ ಕಮ್ಮಿ. ಮಕ್ಕಳನ್ನು ಕರೆತಂದ ಕುಟುಂಬಗಳು, ಪೇಪರ್ ಮೇಲೆ ಪೆನ್ನಿನಲ್ಲಿ ಗುರುತು ಹಾಕಿಕೊಳ್ಳುವ ತಾತಂದಿರು. ಬೇಲಿಗೆ ಒರಗಿ ನಿಂತರೆ ಕುದುರೆಗಳು ಹತ್ತು ಅಡಿ ದೂರದಲ್ಲೇ ಹೋಗುತ್ತವೆ. ಟಿವಿಯಲ್ಲಿ ನೋಡಿದವರಿಗೆ ಗೊತ್ತಾಗದ ಒಂದು ಸಂಗತಿ ಇದೆ, ಅದು ಸದ್ದು. ಹತ್ತು ಹನ್ನೆರಡು ಕುದುರೆ ಒಟ್ಟಿಗೆ ಬಂದರೆ ಕಾಲ ಕೆಳಗಿನ ನೆಲ ಅದುರುತ್ತೆ. ಅದರ ಜೊತೆಗೆ ಜಾಕಿಗಳು ಒಬ್ಬರಿಗೊಬ್ಬರು ಕೂಗುವುದೂ ಕೇಳುತ್ತೆ.

“ಏನಣ್ಣ ಬೈದಾಡ್ತಿದಾರಾ?” ಅಂತ ಕೇಳಿದೆ.

“ಬೈಗುಳಾನೂ ಇರುತ್ತೆ. ಆದರೆ ಜಾಸ್ತಿ ಕೂಗೋದು ‘ನಾನಿಲ್ಲಿದೀನಿ’ ಅಂತ. ಮುಂದೆ ಇರೋನಿಗೆ ಹಿಂದೆ ಕಣ್ಣಿಲ್ವಲ್ಲಪ್ಪ.”

ನಮ್ಮ ಇಡೀ ಮಧ್ಯಾಹ್ನ ಈ ಮಾತಿನ ಸುತ್ತಲೇ ಕಳೆಯಿತು.

ತಪ್ಪು ಒಬ್ಬನದು, ಬೀಳೋನು ಇನ್ನೊಬ್ಬ

ರೇಸ್ ಕುದುರೆಯ ತೂಕ ಸುಮಾರು 500 ಕೆಜಿ. ಓಡುವ ವೇಗ ಗಂಟೆಗೆ 60 ಕಿಲೋಮೀಟರ್ ದಾಟುತ್ತೆ. ಮೇಲಿರುವ ಜಾಕಿ ಐವತ್ತು ಚಿಲ್ಲರೆ ಕೆಜಿ. ಸೀಟಿನಲ್ಲಿ ಕೂತಿರಲ್ಲ, ರಿಕಾಪಿನ ಮೇಲೆ ಬೆರಳ ತುದಿ ಊರಿ ಬಗ್ಗಿ ನಿಂತಿರ್ತಾನೆ. ಇಂಥ ಹತ್ತಾರು ಕುದುರೆ ಅಕ್ಕಪಕ್ಕ, ಹಿಂದೆ ಮುಂದೆ ಒತ್ತಿಕೊಂಡು ತಿರುವಿನಲ್ಲಿ ಓಡುತ್ತವೆ. ಒಳಗಿನ ಬೇಲಿಗೆ ಹತ್ತಿರ ಇದ್ದಷ್ಟೂ ದೂರ ಕಮ್ಮಿ, ಹಾಗಾಗಿ ಎಲ್ಲರಿಗೂ ಒಳಗೆ ನುಗ್ಗುವ ಆಸೆ.

ಮುಂದಿನ ಕುದುರೆ ಸಾಕಷ್ಟು ಮುಂದೆ ಹೋಗುವ ಮೊದಲೇ ಒಳಕ್ಕೆ ವಾಲಿತು ಅಂದುಕೊಳ್ಳಿ. ಅದರ ಹಿಂಗಾಲಿಗೆ ಹಿಂದಿನ ಕುದುರೆಯ ಮುಂಗಾಲು ತಾಗುತ್ತೆ. ಮುಗೀತು. ಹಿಂದಿನ ಕುದುರೆ ಮುಗ್ಗರಿಸುತ್ತೆ, ಅದರ ಹಿಂದಿನದಕ್ಕೆ ತಪ್ಪಿಸಿಕೊಳ್ಳೋಕೆ ಜಾಗ ಇರಲ್ಲ. ವಾಲಿದ ಜಾಕಿಗೆ ಮಾತ್ರ ಏನೂ ಆಗಿರಲ್ಲ. ಅವನಿಗೆ ಕೆಲವು ಸಲ ಹಿಂದೆ ಏನಾಯ್ತು ಅಂತ ಗೊತ್ತಾಗೋದೂ ರೇಸ್ ಮುಗಿದ ಮೇಲೆಯೇ.

ಇದರಲ್ಲಿ ಒಂದು ಅನ್ಯಾಯ ಇದೆ, ಗಮನಿಸಿ. ಎಷ್ಟೋ ಆಟಗಳಲ್ಲಿ ಅಜಾಗರೂಕನಾಗಿದ್ದರೆ ಪೆಟ್ಟು ಬೀಳೋದು ನಮಗೇ. ಕೈ ಸರಿಯಾಗಿ ಇಡದೆ ಕ್ಯಾಚ್ ಹಿಡಿಯೋಕೆ ಹೋದರೆ ನಮ್ಮ ಬೆರಳೇ ಮುರಿಯುತ್ತೆ. ಇಲ್ಲಿ ಹಾಗಲ್ಲ. ಹಾಗಾಗಿ “ತಪ್ಪು ಮಾಡಿದವನು ತಾನೇ ಕಲೀತಾನೆ ಬಿಡು” ಅಂತ ಕೂರೋಕೆ ಆಗಲ್ಲ. ಹೊರಗಿನಿಂದ ಯಾರೋ ಒಬ್ಬರು ನೋಡಬೇಕು, ಹೇಳಬೇಕು. ಆ ಕೆಲಸ ಸ್ಟ್ಯೂವರ್ಡ್‌ಗಳದ್ದು.

ಅಪಾಯ ಎಷ್ಟು ನಿಜ ಅನ್ನೋಕೆ ಇದೇ ಮೈದಾನದ ಒಂದು ದಿನ ಸಾಕು. 2023ರ ಮಾರ್ಚ್‌ನಲ್ಲಿ ಜೇಮಿ ಕಾ ಇಲ್ಲಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ಒಂದೇ ಸೀಸನ್‌ನಲ್ಲಿ ಮೆಲ್ಬರ್ನ್ ಮೈದಾನಗಳಲ್ಲಿ 100 ರೇಸ್ ಗೆದ್ದ ಮೊದಲ ಜಾಕಿ ಆಕೆ. ಅವತ್ತು ಅವರು ಓಡಿಸಬೇಕಿದ್ದ ಇನ್ ಸೀಕ್ರೆಟ್ ಅನ್ನುವ ಕುದುರೆ ಕೊನೆ ಗಳಿಗೆಯಲ್ಲಿ ಡೀನ್ ಹಾಲಂಡ್ ಪಾಲಿಗೆ ಬಂತು. ಅವರು ಅದರ ಮೇಲೆ ನ್ಯೂಮಾರ್ಕೆಟ್ ಹ್ಯಾಂಡಿಕ್ಯಾಪ್ ಗೆದ್ದರು, ಅವರ ಬದುಕಿನ ದೊಡ್ಡ ಗೆಲುವು. ಆರು ವಾರ ಕಳೆದು, ವಿಕ್ಟೋರಿಯಾದ ಒಳನಾಡಿನ ಡೊನಾಲ್ಡ್ ಅನ್ನುವ ಸಣ್ಣ ಊರಿನ ರೇಸ್‌ನಲ್ಲಿ ಕುದುರೆಯಿಂದ ಬಿದ್ದು ಹಾಲಂಡ್ ತೀರಿಕೊಂಡರು. 34 ವರ್ಷ ವಯಸ್ಸು. ಅದರಲ್ಲಿ ಬೇರೆ ಯಾರದ್ದೋ ಅಜಾಗರೂಕತೆ ಇತ್ತು ಅನ್ನೋಕೆ ಇದನ್ನು ಹೇಳ್ತಿಲ್ಲ. ಯಾರ ತಪ್ಪೂ ಇಲ್ಲದೆಯೇ ಜೀವ ಹೋಗುವ ಕೆಲಸ ಇದು. ಅದರ ಮೇಲೆ ಇನ್ನೊಬ್ಬರ ತಪ್ಪೂ ಸೇರಿದರೆ ಏನು ಗತಿ ಅನ್ನೋದಷ್ಟೇ ಪ್ರಶ್ನೆ.

ಸಂಜೆಯ ವರದಿ

ಪ್ರತಿ ರೇಸ್ ಓಡುವಾಗಲೂ ಸ್ಟ್ಯೂವರ್ಡ್‌ಗಳು ಎತ್ತರದಿಂದ ನೋಡುತ್ತಿರುತ್ತಾರೆ. ಪಕ್ಕದಿಂದ, ಹಿಂದಿನಿಂದ, ನೇರ ಎದುರಿನಿಂದ ಕ್ಯಾಮೆರಾಗಳಿರುತ್ತವೆ. ನಾವು ಟಿವಿಯಲ್ಲಿ ನೋಡೋದು ಪಕ್ಕದ ನೋಟ, ಅದರಲ್ಲಿ ಯಾರು ಮುಂದೆ ಅಂತ ಗೊತ್ತಾಗುತ್ತೆ. ಎದುರಿನ ನೋಟದಲ್ಲಿ ಯಾರು ಯಾರ ದಾರಿಗೆ ಬಂದರು ಅಂತ ಗೊತ್ತಾಗುತ್ತೆ. ಎರಡೂ ನೋಡಿದರೆ ಒಂದೇ ರೇಸ್ ಅಂತ ನಂಬೋಕೇ ಆಗಲ್ಲ.

ಅನುಮಾನ ಬಂದರೆ ಜಾಕಿಯನ್ನು ಕೋಣೆಗೆ ಕರೆಯುತ್ತಾರೆ. ವಿಡಿಯೋ ಹಾಕುತ್ತಾರೆ, ಹಿಂದಿದ್ದ ಜಾಕಿಯನ್ನೂ ಕೇಳುತ್ತಾರೆ. ಆಸ್ಟ್ರೇಲಿಯಾದ ರೇಸಿಂಗ್ ನಿಯಮಗಳಲ್ಲಿ 131ನೇ ನಿಯಮ ಅಂತ ಒಂದಿದೆ. ಅಜಾಗರೂಕ ಸವಾರಿ, ದುಡುಕಿನ ಸವಾರಿ, ಅನುಚಿತ ಸವಾರಿ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ತಪ್ಪುಗಳನ್ನು ಅದರಲ್ಲಿ ಹೇಳಿದ್ದಾರೆ. ಅತಿ ಹೆಚ್ಚು ಕಾಣಿಸೋದು ಮೊದಲನೆಯದು. ಅದರ ಅರ್ಥ, ನೀನು ಕೆಟ್ಟವನು ಅಂತಲ್ಲ. ಬೇಕಂತ ಮಾಡಿದೆ ಅಂತಲೂ ಅಲ್ಲ. ಒಬ್ಬ ವೃತ್ತಿಪರ ಜಾಕಿ ವಹಿಸಬೇಕಾದ ಎಚ್ಚರ ನೀನು ವಹಿಸಲಿಲ್ಲ, ಅಷ್ಟೇ.

ಅವತ್ತೂ ಒಬ್ಬ ಹುಡುಗ ಸಿಕ್ಕಿಬಿದ್ದ. ಯಾರೂ ಬೀಳಲಿಲ್ಲ, ಯಾರಿಗೂ ಗಾಯ ಇಲ್ಲ, ನಾನು ಬೇಲಿ ಪಕ್ಕದಲ್ಲೇ ಇದ್ದರೂ ನನಗೇನೂ ಕಂಡಿರಲಿಲ್ಲ. ಸಂಜೆ ರೈಲಿನಲ್ಲಿ ವಾಪಸ್ ಬರುವಾಗ ಅಣ್ಣ ಮೊಬೈಲ್‌ನಲ್ಲಿ ಸ್ಟ್ಯೂವರ್ಡ್‌ಗಳ ವರದಿ ತೆಗೆದು ತೋರಿಸಿದರು. ಪ್ರತಿ ರೇಸ್ ಬಗ್ಗೆ ಒಂದೊಂದು ಪ್ಯಾರಾ. ಯಾವ ಕುದುರೆ ತಡವಾಗಿ ಹೊರಟಿತು, ಯಾವುದು ಎಷ್ಟನೇ ಮೀಟರ್ ಹತ್ತಿರ ಇಕ್ಕಟ್ಟಿಗೆ ಸಿಕ್ಕಿತು, ಯಾರಿಗೆ ಎಚ್ಚರಿಕೆ, ಯಾರಿಗೆ ಅಮಾನತು, ಯಾವ ದಿನದ ಮಧ್ಯರಾತ್ರಿಯಿಂದ ಯಾವ ದಿನದವರೆಗೆ. ತಪ್ಪು ಒಪ್ಪಿಕೊಂಡನೋ ಇಲ್ಲವೋ, ಹಳೆಯ ರೆಕಾರ್ಡ್ ಹೇಗಿದೆ, ತಪ್ಪು ಸಣ್ಣ ಮಟ್ಟದ್ದೋ ದೊಡ್ಡದೋ, ಶಿಕ್ಷೆ ಲೆಕ್ಕ ಹಾಕುವಾಗ ಏನೇನು ಗಮನಿಸಿದರು, ಎಲ್ಲ ಸಾದಾ ಭಾಷೆಯಲ್ಲಿ. ಯಾರು ಬೇಕಾದರೂ ಓದಬಹುದು.

ನಮ್ಮ ಫೀಲ್ಡ್‌ನವರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಸರ್ವರ್ ಬಿದ್ದರೆ ರಾತ್ರಿಯೆಲ್ಲ ಕೂತು ಸರಿ ಮಾಡ್ತೀವಿ, ಆಮೇಲೆ ಮೂಲ ಕಾರಣ ಏನು ಅಂತ ದೊಡ್ಡ ಡಾಕ್ಯುಮೆಂಟ್ ಬರೀತೀವಿ. ಆದರೆ ಬೀಳಬೇಕಿದ್ದ ಸರ್ವರ್ ಅದೃಷ್ಟಕ್ಕೆ ಬೀಳದೇ ಉಳಿದರೆ? ಯಾರೂ ಏನೂ ಬರೆಯಲ್ಲ. “ಸದ್ಯ ಬಚಾವ್” ಅಂತ ಕಾಫಿ ಕುಡಿಯೋಕೆ ಹೋಗ್ತೀವಿ. ಇಲ್ಲಿ ಯಾರೂ ಬೀಳದ ರೇಸ್‌ಗೂ ವರದಿ ಇದೆ, ಶಿಕ್ಷೆಯೂ ಇದೆ.

‘ಕುದುರೆಯೇ ವಾಲಿತು ಸರ್’

ಜಾಕಿಗಳು ಹೇಳುವ ಸಾಮಾನ್ಯ ಉತ್ತರ ಇದು. ಪೂರ್ತಿ ಸುಳ್ಳೂ ಅಲ್ಲ. ಸುಸ್ತಾದ ಕುದುರೆ ಕೊನೆಯಲ್ಲಿ ಒಂದು ಕಡೆಗೆ ಎಳೆಯುತ್ತೆ, ಅದಕ್ಕೂ ಸ್ವಂತ ಮನಸ್ಸಿದೆ. ಹಾಗಾಗಿ ಸ್ಟ್ಯೂವರ್ಡ್‌ಗಳು ಕೇಳುವ ಪ್ರಶ್ನೆ ಬೇರೆ. ವಾಲಿತು ಅಂತ ಗೊತ್ತಾದ ಮೇಲೆ ನೀನೇನು ಮಾಡಿದೆ? ಲಗಾಮು ಎಳೆದು ನೇರ ಮಾಡೋಕೆ ನೋಡಿದೆಯಾ, ಇಲ್ಲಾ ಗೆಲ್ಲುವ ಆಸೆಯಲ್ಲಿ ಚಾಟಿ ಬೀಸುತ್ತಲೇ ಹೋದೆಯಾ? ಕುದುರೆಯ ಸ್ವಭಾವಕ್ಕೆ ಶಿಕ್ಷೆ ಇಲ್ಲ. ಅದನ್ನು ನೋಡಿಯೂ ನೀನು ಮುಂದುವರಿದದ್ದಕ್ಕೆ ಶಿಕ್ಷೆ.

ದೊಡ್ಡ ಹೆಸರಿನವರಿಗೂ ವಿನಾಯಿತಿ ಇಲ್ಲ. ಇಟಲಿಯ ಫ್ರಾಂಕಿ ಡೆಟ್ಟೋರಿ ಜಗತ್ತಿನ ಅತಿ ಪ್ರಸಿದ್ಧ ಜಾಕಿಗಳಲ್ಲಿ ಒಬ್ಬರು. ಮೆಲ್ಬರ್ನ್ ಕಪ್ ಮಾತ್ರ ಅವರಿಗೆ ಒಲಿಯಲಿಲ್ಲ. 1999ರಲ್ಲಿ ಎರಡನೇ ಸ್ಥಾನ, ಅವತ್ತು ಗೆದ್ದ ಕುದುರೆಯ ಹೆಸರು ರೋಗನ್ ಜೋಶ್! 2015ರಲ್ಲಿ ಮತ್ತೆ ಎರಡನೇ ಸ್ಥಾನ. ಅದು ಮಿಶೆಲ್ ಪೇನ್ ನೂರಕ್ಕೆ ಒಂದರ ಬೆಲೆಯ ಪ್ರಿನ್ಸ್ ಆಫ್ ಪೆನ್ಜಾನ್ಸ್ ಮೇಲೆ ಗೆದ್ದು, ಕಪ್ ಎತ್ತಿದ ಮೊದಲ ಮಹಿಳಾ ಜಾಕಿಯಾದ ರೇಸ್. ಊರೆಲ್ಲ ಆಕೆಯ ಸಂಭ್ರಮದಲ್ಲಿದ್ದಾಗ ಸ್ಟ್ಯೂವರ್ಡ್‌ಗಳ ಕೋಣೆಯಲ್ಲಿ ಡೆಟ್ಟೋರಿಗೆ ಅಜಾಗರೂಕ ಸವಾರಿಗಾಗಿ ಒಂದು ತಿಂಗಳ ಅಮಾನತು, 20,000 ಆಸ್ಟ್ರೇಲಿಯನ್ ಡಾಲರ್ ದಂಡ.

2019ರದ್ದು ಇನ್ನೂ ಸ್ವಾರಸ್ಯ. ಡೆಟ್ಟೋರಿ ಓಡಿಸಿದ ಮಾಸ್ಟರ್ ಆಫ್ ರಿಯಾಲಿಟಿ ಕೂದಲೆಳೆಯಲ್ಲಿ ಕಪ್ ತಪ್ಪಿಸಿಕೊಂಡು ಎರಡನೆಯದಾಗಿ ಗುರಿ ಮುಟ್ಟಿತು. ಆದರೆ ಕೊನೆಯ ಘಟ್ಟದಲ್ಲಿ ಅದು ಒಳಕ್ಕೆ ವಾಲಿ, ನಾಲ್ಕನೆಯದಾಗಿ ಬಂದ ಇಲ್ ಪ್ಯಾರಡೈಸೊಗೆ ಅಡ್ಡಿಯಾಗಿತ್ತು. ಆ ಕಡೆಯವರು ಆಕ್ಷೇಪ ಎತ್ತಿದರು. ಮಾಸ್ಟರ್ ಆಫ್ ರಿಯಾಲಿಟಿಯ ಟ್ರೇನರ್ ಜೋಸೆಫ್ ಓ’ಬ್ರಿಯನ್, ಇಲ್ ಪ್ಯಾರಡೈಸೊದ ಟ್ರೇನರ್ ಅವರ ಅಪ್ಪ ಏಡನ್ ಓ’ಬ್ರಿಯನ್. ಅಪ್ಪನ ಕುದುರೆ ಪರವಾಗಿ ಮಗನ ಕುದುರೆ ವಿರುದ್ಧ ದೂರು! ಸ್ಟ್ಯೂವರ್ಡ್‌ಗಳು ಆಕ್ಷೇಪ ಒಪ್ಪಿ ಮಾಸ್ಟರ್ ಆಫ್ ರಿಯಾಲಿಟಿಯನ್ನು ನಾಲ್ಕನೇ ಸ್ಥಾನಕ್ಕೆ ಇಳಿಸಿದರು. ಡೆಟ್ಟೋರಿಗೆ ಪ್ರತ್ಯೇಕವಾಗಿ ಒಂಬತ್ತು ರೇಸ್ ದಿನಗಳ ಅಮಾನತು.

ಇಲ್ಲಿ ಎರಡು ತೀರ್ಪು ಇದೆ ನೋಡಿ. ಒಂದು ಕುದುರೆಯ ಸ್ಥಾನದ್ದು: ಅಡ್ಡಿ ಆಗದಿದ್ದರೆ ಹಿಂದಿನ ಕುದುರೆ ಮುಂದೆ ಹೋಗ್ತಿತ್ತಾ? ಇನ್ನೊಂದು ಜಾಕಿಯ ನಡತೆಯದ್ದು: ಎಚ್ಚರ ವಹಿಸಿದನಾ? ಸ್ಥಾನ ಬದಲಾಗದೇ ಇದ್ದರೂ ಜಾಕಿಗೆ ಶಿಕ್ಷೆ ಆಗಬಹುದು. ಫಲಿತಾಂಶ ಏನೇ ಇರಲಿ, ನಡತೆಗೆ ಬೇರೆಯೇ ಲೆಕ್ಕ.

ಬೇಕಂತಲೇ ಮಾಡಿದರೆ ಕಥೆಯೇ ಬೇರೆ. 2022ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸ್‌ನ ಸೇಂಟ್ ಕ್ಲೂ ಮೈದಾನದಲ್ಲಿ ಕ್ರಿಸ್ಟೋಫ್ ಸುಮಿಯೋಂ ಅನ್ನುವ ಹೆಸರಾಂತ ಜಾಕಿ ಓಡುವ ಕುದುರೆಯ ಮೇಲಿಂದಲೇ ಪಕ್ಕದ ರೋಸಾ ರಯಾನ್‌ಗೆ ಮೊಣಕೈಯಿಂದ ತಿವಿದು ಕೆಳಗೆ ಬೀಳಿಸಿದರು. ರಯಾನ್ ಪುಣ್ಯಕ್ಕೆ ಉಳಿದುಕೊಂಡರು. ಸುಮಿಯೋಂಗೆ 60 ದಿನಗಳ ನಿಷೇಧ, ಜೊತೆಗೆ ಆಗಾ ಖಾನ್ ಅವರ ಕುದುರೆಗಳನ್ನು ಓಡಿಸುವ ಕರಾರೂ ಹೋಯಿತು. ಆದರೆ ನಿಷೇಧ ಜಾರಿಗೆ ಬರೋಕೆ ಎರಡು ವಾರ ಸಮಯ ಇತ್ತು. ಆ ನಡುವೆ, ಘಟನೆಯಾದ ಎರಡೇ ದಿನಕ್ಕೆ, ಯುರೋಪಿನ ಅತಿ ದೊಡ್ಡ ರೇಸ್ ಆದ ಆರ್ಕ್‌ನಲ್ಲಿ ಅವರು ಓಡಿಸಿದರು, ಎರಡನೇ ಸ್ಥಾನವನ್ನೂ ಪಡೆದರು. ಇದು ಸರಿನಾ ಅಂತ ಬಹಳ ಜನ ಕೇಳಿದರು. ನಾನೂ ಕೇಳ್ತೀನಿ.

ದಂಡ ಕಟ್ಟಿದರೂ ಲಾಭವೇ?

ಈ ವ್ಯವಸ್ಥೆಯಲ್ಲಿ ತೂತುಗಳಿಲ್ಲ ಅಂತ ಹೇಳೋಕೆ ಹೊರಟಿಲ್ಲ. ಪಕ್ಕದ ಇನ್ನೊಂದು ನಿಯಮದ ಲೆಕ್ಕ ನೋಡಿ, ಚಾಟಿಯದ್ದು. ಆಸ್ಟ್ರೇಲಿಯಾದಲ್ಲಿ ಕೊನೆಯ 100 ಮೀಟರ್‌ಗೆ ಮೊದಲು ಐದಕ್ಕಿಂತ ಹೆಚ್ಚು ಸಲ ಚಾಟಿ ಬೀಸುವ ಹಾಗಿಲ್ಲ. 2018ರ ಕಪ್‌ನಲ್ಲಿ ಕ್ರಾಸ್ ಕೌಂಟರ್ ಮೇಲೆ ಗೆದ್ದ ಕೆರಿನ್ ಮೆಕ್‌ಎವೋಯ್ ಇದನ್ನು ಮೀರಿದ್ದರು. 30,000 ಡಾಲರ್ ದಂಡ, ಒಂಬತ್ತು ರೇಸ್ ದಿನಗಳ ಅಮಾನತು. ಆದರೆ ಗೆಲುವು ಗೆಲುವೇ. ಆ ವರ್ಷ ಮೊದಲ ಬಹುಮಾನ 40 ಲಕ್ಷ ಡಾಲರ್, ಅದರಲ್ಲಿ ಜಾಕಿಯ ಪಾಲು ಶೇ 5, ಅಂದರೆ 2 ಲಕ್ಷ ಡಾಲರ್. 2 ಲಕ್ಷ ಬರುವ ಕಡೆ 30 ಸಾವಿರ ಕಳೆದುಕೊಳ್ಳೋದು ಯಾರಿಗೆ ಕಷ್ಟ? ಇದೇ ಲೆಕ್ಕ ಅಜಾಗರೂಕ ಸವಾರಿಗೂ ಬಂದು ತಾಗುತ್ತೆ. ದೊಡ್ಡ ರೇಸ್‌ನಲ್ಲಿ ನುಗ್ಗಿ ಗೆಲ್ಲು, ಆಮೇಲೆ ರಜೆ ತಗೋ ಅನ್ನುವ ಆಸೆ ಹುಟ್ಟಿದರೆ ಆಶ್ಚರ್ಯ ಇಲ್ಲ.

ಇದನ್ನೇ ಅಣ್ಣನ ಹತ್ತಿರ ವಾದ ಮಾಡಿದೆ. ಅವರು ಅಂದರು, “ಹೌದಪ್ಪ, ಕಪ್ ಗೆದ್ದೋನಿಗೆ ಅದು ಚಿಲ್ಲರೆ ದುಡ್ಡೇ. ಆದರೆ ಇವತ್ತಿನ ಹುಡುಗನ್ನ ಯೋಚನೆ ಮಾಡು. ಓಡಿಸಿದರೆ ದುಡ್ಡು, ಇಲ್ಲದಿದ್ದರೆ ಇಲ್ಲ. ಎರಡು ವಾರ ಕೂರಿಸಿದರೆ ಅವನ ಕುದುರೆ ಇನ್ನೊಬ್ಬರ ಪಾಲಾಗುತ್ತೆ. ಆ ಕುದುರೆ ಗೆದ್ದರೆ ಇವನಿಗೆ ವಾಪಸ್ ಸಿಗುತ್ತೆ ಅಂತ ಗ್ಯಾರಂಟಿ ಇಲ್ಲ.” ಶಿಕ್ಷೆ ಒಂದೇ ಇದ್ದರೂ ಬಡವನಿಗೆ ಬೀಳೋ ಪೆಟ್ಟು ಬೇರೆ ಅನ್ನೋದು ಮೆಲ್ಬರ್ನ್‌ನಲ್ಲೂ ನಿಜ. ತೀರ್ಪು ಒಪ್ಪದವರಿಗೆ ಮೇಲ್ಮನವಿಯ ದಾರಿ ಇದೆ. ವಿಕ್ಟೋರಿಯಾದಲ್ಲಿ 2019ರಿಂದ ಅದಕ್ಕೆ ಪ್ರತ್ಯೇಕ ಟ್ರಿಬ್ಯುನಲ್ ಇದೆ.

ಕುದುರೆಗಳ ವಿಷಯ ಬಿಟ್ಟರೆ ಅದು ಅಪ್ರಾಮಾಣಿಕ. 2020ರ ಕಪ್‌ನಲ್ಲಿ ಆಂಥೊನಿ ವ್ಯಾನ್ ಡೈಕ್ ಅನ್ನುವ ಕುದುರೆ ಕಾಲು ಮುರಿದುಕೊಂಡಿತು, ಅದನ್ನು ಉಳಿಸಲಾಗಲಿಲ್ಲ. ಅದು ಮೊದಲನೆಯದ್ದೂ ಅಲ್ಲ. ಆಮೇಲೆ ಪಶುವೈದ್ಯರ ತಪಾಸಣೆ ಬಿಗಿಯಾಯಿತು. ಕಪ್ ದಿನ ಟಿವಿ ಹಾಕದೆ ಪ್ರತಿಭಟಿಸುವವರೂ ಈ ಊರಿನಲ್ಲಿ ಇದ್ದಾರೆ. ಜೂಜಿನ ಬಗ್ಗೆ ನಮ್ಮ ಮನೆಯವರು ಹೇಳೋದು ಇಲ್ಲೂ ಅಷ್ಟೇ ಸತ್ಯ.

ನಮ್ಮ ರಸ್ತೆಯ ಮಾತು

ಬೆಂಗಳೂರಿನ ರೇಸ್‌ಕೋರ್ಸ್‌ನಲ್ಲೂ ಸ್ಟ್ಯೂವರ್ಡ್‌ಗಳಿದ್ದಾರೆ, ಅಜಾಗರೂಕ ಸವಾರಿಗೆ ಅಲ್ಲೂ ಜಾಕಿಗಳನ್ನು ಕೂರಿಸುತ್ತಾರೆ. ಗೋಡೆಯ ಒಳಗೆ ಈ ಶಿಸ್ತು ನಮ್ಮಲ್ಲೂ ಹಳೆಯದು. ಗೋಡೆಯ ಹೊರಗೆ, ಅದೇ ರೇಸ್‌ಕೋರ್ಸ್ ರಸ್ತೆಯಲ್ಲಿ ಏನಾಗುತ್ತೆ?

ಪೇಪರ್‌ನಲ್ಲಿ ದಿನಾ ಓದುವ ಸಾಲು ‘ಅತಿವೇಗ ಮತ್ತು ಅಜಾಗರೂಕತೆಯ ಚಾಲನೆ’. ಅದು ಬರೋದು ಯಾರೋ ಸತ್ತ ಮೇಲೆ. ಕಾನೂನು ಹಾಗೆ ಹೇಳಲ್ಲ ಅನ್ನೋದು ಗಮನಿಸಬೇಕಾದ ಸಂಗತಿ. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಪ್ರಕಾರ, ಜನರ ಜೀವಕ್ಕೆ ಅಪಾಯ ಆಗುವ ಹಾಗೆ ಸಾರ್ವಜನಿಕ ರಸ್ತೆಯಲ್ಲಿ ಓಡಿಸಿದರೆ ಅದೇ ಅಪರಾಧ, ಯಾರಿಗೂ ಗಾಯ ಆಗಬೇಕಂತಿಲ್ಲ. ಹಳೆಯ ಐಪಿಸಿಯ 279ನೇ ಕಲಂ ಕೂಡ ಅದನ್ನೇ ಹೇಳುತ್ತಿತ್ತು. ಆದರೆ ಔಟರ್ ರಿಂಗ್ ರೋಡ್‌ನಲ್ಲಿ ಇಂಡಿಕೇಟರ್ ಹಾಕದೆ ಎಡಕ್ಕೆ ನುಗ್ಗಿದ ಕ್ಯಾಬ್, ಬ್ರೇಕ್ ಹಿಡಿದು ಹೇಗೋ ಉಳಿದುಕೊಂಡ ಹಿಂದಿನ ಸ್ಕೂಟರ್ ಹುಡುಗಿ, ಇದರ ವರದಿ ಯಾವ ಸಂಜೆಯೂ ಬರಲ್ಲ. ಕ್ಯಾಬ್‌ನವನಿಗೆ ಅಂಥದ್ದೊಂದು ಆಯ್ತು ಅಂತ ಗೊತ್ತೂ ಆಗಿರಲ್ಲ. ಜಾಕಿಯ ಕಥೆಯೇ ಇದು. ತಪ್ಪು ಮುಂದಿನವನದು, ಬೀಳೋದು ಹಿಂದಿನವಳು.

ರಸ್ತೆ ಬೇರೆ, ರೇಸ್ ಬೇರೆ ನಿಜ. ಹನ್ನೆರಡು ಕುದುರೆ ನೋಡೋಕೆ ಅಷ್ಟೊಂದು ಕ್ಯಾಮೆರಾ ಇಡಬಹುದು, ಬೆಂಗಳೂರಿನ ಲಕ್ಷಾಂತರ ಗಾಡಿಗೆ ಆಗಲ್ಲ. ಆದರೆ ಒಂದು ಮಾತನ್ನು ಅಲ್ಲಿಂದ ತರಬಹುದು. “ಏನೂ ಆಗಿಲ್ವಲ್ಲ, ಬಿಡಿ ಸರ್” ಅನ್ನೋದು ಫ್ಲೆಮಿಂಗ್ಟನ್‌ನ ಆ ಕೋಣೆಯಲ್ಲಿ ಉತ್ತರವೇ ಅಲ್ಲ. ಏನೂ ಆಗದ ದಿನವೇ ಕೇಳಿದರೆ, ಆಗುವ ದಿನ ಸ್ವಲ್ಪ ದೂರ ಹೋಗುತ್ತೆ.

ಮೆಲ್ಬರ್ನ್‌ಗೆ ಬಂದವರು ಬಿಡುವಿದ್ದರೆ ಒಂದು ಶನಿವಾರ ಹೋಗಿ ಬನ್ನಿ. ದುಡ್ಡು ಕಟ್ಟಬೇಕಂತಿಲ್ಲ. ಗೆದ್ದ ಕುದುರೆಯ ಹೆಸರು ಮರೆತರೂ ಪರವಾಗಿಲ್ಲ, ಸಂಜೆ ವರದಿ ಮಾತ್ರ ತಪ್ಪದೆ ಓದಿ. ಆಮೇಲೆ ಊರಿಗೆ ಹೋದಾಗ ನಿಮ್ಮ ಗಾಡಿಯ ಕನ್ನಡಿ ಸರಿ ಇದೆಯಾ ನೋಡಿಕೊಳ್ಳಿ. ಸ್ಟೈಲ್‌ಗೆ ಅಂತ ಬಿಚ್ಚಿ ಇಟ್ಟಿದ್ದರೆ ವಾಪಸ್ ಹಾಕಿಸಿ. ನೂರು ಚಿಲ್ಲರೆ ರೂಪಾಯಿ ಕೆಲಸ, ಹಿಂದೆ ಬರ್ತಿರೋರಿಗೆ ದೊಡ್ಡ ಉಪಕಾರ.